ನೀಹಾರಿಕೆಯೂ ಮೂರು ಕಲ್ಲುಗಳೂ

“ಈ ಎಳ್ಳಮಾವಾಸ್ಯೆ ಕಳೆಯೋದರೊಳಗ ಮೃಗಶಿರದ ನೀಹಾರಿಕೆ ಹಿಡಿದು ತಂದು ನಮ್ಮ ಪಡಸಾಲಿ ಗ್ವಾಡಿಗೆ ನೇತ ಹಾಕಲಿಲ್ಲ ಅಂದ್ರ ನನ್ನ ಹೆಸರು ಶಂಕರಲಿಂಗನ ಅಲ್ಲ!” ಎಂದು ನಾನು ಗುಡುಗಿದಾಗ ನನ್ನ ಹೆಂಡತಿ ಮಾದೇವಿ ಬದನೆಕಾಯಿ ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

“ಬ್ಯಾರೆ ಹೆಸರು ಈಗ ನೋಡಿ ಇಟ್ಕೊಂಡ್ಬಿಡ್ರಿ,” ಅಂದಳು. “ಆಮ್ಯಾಲೆ ಅವಸರ ಆಕ್ಕೈತಿ.”

ಇಂಥ ಹೆಂಡತಿಯನ್ನು ಕಟ್ಟಿಕೊಂಡೂ ಆಕಾಶಕ್ಕೆ ಏಣಿ ಹಾಕುವ ಧೈರ್ಯ ಮಾಡಿದವನು ನಾನು! ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ. ಇಪ್ಪತ್ತು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂಜಿ, ಗುಡ್ಡದ ಹಿಂದಿನ ಸೂರ್ಯ ಇವನ್ನೇ ಬರೆಸಿ ಬರೆಸಿ ಬೇಸತ್ತು, ಯಾರೂ ಬರೆಯದ ಚಿತ್ರಗಳೇನಾದರೂ ಇವೆಯೇ ಎಂದು ಮೇಲೆ ನೋಡಿದೆ. ನೋಡಿದ್ದೇ ತಪ್ಪಾಯಿತು. ಒಂದು ಕ್ಯಾಮೆರಾ ಬಂತು, ಅದನ್ನು ಹೊರಲು ಮುಕ್ಕಾಲಿ ಸ್ಟ್ಯಾಂಡು ಬಂತು, ನಕ್ಷತ್ರಗಳು ಸರಿದಂತೆ ಕ್ಯಾಮೆರಾವನ್ನೂ ಮೆಲ್ಲಗೆ ತಿರುಗಿಸುವ ಅಂಗೈಯಗಲದ ಒಂದು ಯಂತ್ರವೂ ಬಂತು. ನಿದ್ದೆ ಮಾತ್ರ ಹೋಯಿತು.

ನಮ್ಮ ಕಡೆಯ ರೈತರಿಗೆ ಕೃತ್ತಿಕೆ, ರೋಹಿಣಿ, ಮೃಗಶಿರ ಎಲ್ಲವೂ ಮಳೆಯ ಹೆಸರುಗಳು. ‘ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ’ ಅನ್ನುವ ಜನಕ್ಕೆ ನಕ್ಷತ್ರವೆಂದರೆ ಮೇಲಿನಿಂದ ಕೆಳಗೆ ಬೀಳುವ ಪದಾರ್ಥ. ಅದು ಮೇಲೆಯೇ ಇರುತ್ತದೆ, ಕೃತ್ತಿಕೆ ಒಂದು ಚುಕ್ಕೆಗಳ ಗೊಂಚಲು, ಮೃಗಶಿರದ ಕೆಳಗೆ ಹೊಸ ಚುಕ್ಕೆಗಳು ಹುಟ್ಟುವ ಗುಲಾಬಿ ಬಣ್ಣದ ಮೋಡವೊಂದಿದೆ, ಅದಕ್ಕೆ ನೀಹಾರಿಕೆ ಅನ್ನುತ್ತಾರೆ ಎಂದು ನಾನು ಸ್ಟಾಫ್ ರೂಮಿನಲ್ಲಿ ವಿವರಿಸಿದರೆ, ಗಣಿತದ ಮೇಷ್ಟ್ರು, “ಆ ಮೋಡ ಮಳಿ ಕೊಡ್ತೈತೇನ್ರಿ?” ಎಂದು ಕೇಳಿ ಚಹಾ ಕುಡಿಯಲು ಹೋಗಿಬಿಟ್ಟರು.

ಹತ್ತು ತಿಂಗಳು ನಮ್ಮ ಮಾಳಿಗೆಯ ಮೇಲೆ ತಪಸ್ಸು ಮಾಡಿದೆ. ಊರ ಸುತ್ತ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ದೀಪ, ಬೀದಿದೀಪ, ಅದರ ಮೇಲೆ ಕಲ್ಲಿನ ಧೂಳು. ಇಷ್ಟೆಲ್ಲದರ ನಡುವೆ ತೆಗೆದ ಕೃತ್ತಿಕೆಯ ಫೋಟೋವನ್ನು ಮಾದೇವಿಗೆ ತೋರಿಸಿದೆ. “ಸಾಸಿವಿ ಚೆಲ್ಲಿದಂಗ ಐತಿ. ಬಳಕೊಳ್ರಿ,” ಅಂದಳು. ಎದುರು ಮನೆಯ ನೀಲಾಬಾಯಿ ಅಂತೂ, “ನಿಮ್ಮ ಯಜಮಾನ್ರು ಅಷ್ಟೊತ್ತಿನ್ಯಾಗ ಮಾಳಿಗಿ ಮ್ಯಾಲೆ ಯಾರ ಮನಿ ನೋಡ್ತಾರವ್ವಾ?” ಎಂದು ಇಡೀ ಓಣಿಗೆ ಕೇಳುವಂತೆ ವಿಚಾರಿಸಿದಳು. ಅಂದೇ ನಿರ್ಧರಿಸಿದೆ: ಇಳಕಲ್ಲು ಬಿಡಬೇಕು, ಕಗ್ಗತ್ತಲೆಗೆ ಹೋಗಬೇಕು!

ಕಗ್ಗತ್ತಲೆ ಎಲ್ಲಿದೆ? ಅಮೀನಗಡದ ಆಚೆ ನನ್ನ ಮಾವನವರ ಎರೆಹೊಲದಲ್ಲಿದೆ. ಕಗ್ಗತ್ತಲೆ ಯಾವಾಗ? ಅಮಾವಾಸ್ಯೆಗೆ. ವರ್ಷದ ಅಮಾವಾಸ್ಯೆಗಳಲ್ಲೆಲ್ಲ ಮೃಗಶಿರ ಸಂಜೆಗೇ ಪೂರ್ವಕ್ಕೆ ಏರಿ ನಿಲ್ಲುವುದು ಎಳ್ಳಮಾವಾಸ್ಯೆಗೆ. ಅದೇ ದಿನ ಮಾವನ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವುದು! ಹೋಳಿಗೆಯೂ ನೀಹಾರಿಕೆಯೂ ಒಂದೇ ಜಾಗದಲ್ಲಿ, ಒಂದೇ ದಿನ! ಪಂಚಾಂಗ ಬರೆದವರು ನನ್ನನ್ನು ಕೇಳಿಯೇ ಬರೆದಂತಿತ್ತು.

ಕೊರತೆ ಇದ್ದದ್ದು ದೊಡ್ಡ ಲೆನ್ಸಿನದು. ಅದನ್ನು ಲಗ್ನಗಳ ಫೋಟೋ ತೆಗೆಯುವ ಅಯೂಬ ಒಂದು ರಾತ್ರಿಯ ಮಟ್ಟಿಗೆ ಕೊಟ್ಟ. ಕೊಡುವಾಗ ಕೂಸನ್ನು ಕೊಡುವಂತೆ ಎರಡು ಕೈಯಲ್ಲಿ ಕೊಟ್ಟ.

“ಸರ, ಮರುದಿನ ಮುಂಜಾನೆ ಎಂಟಕ್ಕ ಅಮೀನಗಡದಾಗ ನಿಕಾ ಐತ್ರಿ. ಎಂಟಂದ್ರ ಎಂಟು. ಲೆನ್ಸ್ ಬರಲಿಲ್ಲಂದ್ರ ಮದುಮಗನ ಮಾರಿ ನಾ ಕೈಲೆ ಬರೀಬೇಕಾಗ್ತೈತಿ. ನಿಮಗಾದ್ರ ಬರೀಲಿಕ್ಕೆ ಬರ್ತೈತಿ, ನನಗ ಬರಂಗಿಲ್ಲ.”

“ಚಿಂತಿ ಬಿಡೋ ಅಯೂಬ. ಜೀವಾ ಹೋದ್ರೂ ಲೆನ್ಸ್ ಬರ್ತೈತಿ,” ಅಂದೆ. ಹೀಗೆ ಜೀವವನ್ನು ಒತ್ತೆ ಇಟ್ಟು, ಒಂದೇ ಒಂದು ರಾತ್ರಿಗೆ ಅವಕಾಶ ಪಡೆದು, ಎಳ್ಳಮಾವಾಸ್ಯೆಯ ಬೆಳಗ್ಗೆ ಹೆಂಡತಿ ಸಮೇತ ಕಾರಿನಲ್ಲಿ ಹೊರಟೆ.

ಹೊಲದಲ್ಲಿ ಮಧ್ಯಾಹ್ನ ಜಾತ್ರೆಯಷ್ಟು ಜನ. ನನ್ನ ಅತ್ತೆ ಸಿದ್ದಲಿಂಗವ್ವನವರು ಸೆರಗು ಸಿಕ್ಕಿಸಿ ಓಡಾಡುತ್ತಿದ್ದರು. ಮಾವ ಮುದಕಪ್ಪನವರು ಎರಡು ತಿಂಗಳ ಹಿಂದೆ ಎದೆನೋವೆಂದು ಬಾಗಲಕೋಟೆಯ ದವಾಖಾನೆ ಸೇರಿ, ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಮೇಲೆ ಹೊಲಕ್ಕೆ ಕಾಲಿಟ್ಟದ್ದು ಅಂದೇ ಮೊದಲು. ಆ ಸಂಭ್ರಮಕ್ಕೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡಬು, ಮೊಸರು ಬುತ್ತಿ ಎಂದು ಬುಟ್ಟಿಗಳು ಸಾಲುಗಟ್ಟಿದ್ದವು. ಬನ್ನಿಗಿಡದ ಬುಡದಲ್ಲಿ ಪೂಜೆ ನಡೆಯಿತು, “ಹುಲ್ಲುಲ್ಲಿಗೋ” ಎನ್ನುತ್ತ ಚರಗ ಚೆಲ್ಲಿದರು. ನಾನು ಅತ್ತ ಹೋಗಲಿಲ್ಲ. ಟ್ರ್ಯಾಕ್ಟರಿನ ನೆರಳಲ್ಲಿ ಅಯೂಬನ ಲೆನ್ಸಿಗೆ ಧೂಳು ಕೂಡದಂತೆ ಕಾವಲು ಕೂತಿದ್ದೆ. ಊಟದ ಹೊತ್ತಿಗೆ ಅತ್ತೆ ಎಲ್ಲರನ್ನೂ ಕೂಡಿಸಿಕೊಂಡು ಏನೋ ಗಂಭೀರವಾಗಿ ಹೇಳಿದರು. ನಾನು ಫೋನಿನಲ್ಲಿ ಮೃಗಶಿರ ಎಷ್ಟು ಗಂಟೆಗೆ ಎಷ್ಟು ಮೇಲಿರುತ್ತದೆಂದು ನೋಡುತ್ತಿದ್ದೆ.

“ತಿಳೀತೇನ್ರಿ ಅಳ್ಯಾರ?” ಎಂದು ಕೇಳಿದರು.

“ಹೂಂ ರೀ ಅತ್ತಿ,” ಅಂದೆ.

ಗಂಡಸು ತನ್ನ ಆಯುಷ್ಯದಲ್ಲಿ ಅನ್ನುವ ಹೂಂಗಳಲ್ಲಿ ಮುಕ್ಕಾಲುಪಾಲು ಇಂಥವೇ. ಆದರೆ ಈ ಹೂಂ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಕೇಳಿ.

ಸಂಜೆ ಟ್ರ್ಯಾಕ್ಟರು ಎಲ್ಲರನ್ನೂ ಹೇರಿಕೊಂಡು ಊರಿಗೆ ಹೋಯಿತು. ಹೊಲದಲ್ಲಿದ್ದ ತಗಡಿನ ಕೋಣೆಯಲ್ಲಿ ಆ ರಾತ್ರಿ ಉಳಿದವರು ನಾಲ್ವರು: ಅತ್ತೆ, ಮಾವ, ಮಾದೇವಿ, ನಾನು. ಜೊತೆಗೆ ಮೋತ್ಯಾ ಎಂಬ ನಾಯಿ. ಅತ್ತೆ ಯಾಕೆ ಉಳಿದರೆಂದು ನಾನು ಕೇಳಲಿಲ್ಲ. ನನ್ನ ಸಾಹಸ ನೋಡಲೆಂದೇ ಇರಬೇಕೆಂದುಕೊಂಡೆ!

ಏಳು ಗಂಟೆಗೆಲ್ಲ ಕತ್ತಲೆ ಕಟ್ಟಿತು. ಅದೆಂಥ ಕತ್ತಲೆ! ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಮೇಲೆ ನೋಡಿದರೆ ಚುಕ್ಕೆಗಳು ಒಂದರ ಮೈಮೇಲೊಂದು ಬೀಳುವಷ್ಟು. ಹತ್ತು ತಿಂಗಳಿಂದ ನಾನು ಹುಡುಕಿದ್ದು ಇದನ್ನೇ. ಹಣೆಗೆ ಕೆಂಪು ಬೆಳಕಿನ ಬ್ಯಾಟರಿ ಕಟ್ಟಿಕೊಂಡು ಕೆಲಸಕ್ಕೆ ನಿಂತೆ. ಕೆಂಪು ಬೆಳಕೇ ಯಾಕೆಂದರೆ, ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಂಪಿಗೆ ಕೆಡುವುದಿಲ್ಲ. ಬಿಳಿ ಬೆಳಕು ಬಿದ್ದರೆ ಮತ್ತೆ ಅರ್ಧ ತಾಸು ಕುರುಡು.

ಮುಕ್ಕಾಲಿ ನಿಲ್ಲಿಸಿದೆ. ನಿಲ್ಲಲಿಲ್ಲ! ಎಡೆ ಹೊಡೆದು ಸಡಿಲಾದ ಎರೆನೆಲ. ಕಾಲು ಊರಿದಷ್ಟೂ ಒಳಕ್ಕೆ ಇಳಿಯುತ್ತಿತ್ತು. ಪರೀಕ್ಷೆಗೆ ಒಂದು ಫೋಟೋ ತೆಗೆದರೆ ಚುಕ್ಕೆಗಳೆಲ್ಲ ಜಾರಿ ಶಾವಿಗೆಯ ಎಳೆಯಾಗಿದ್ದವು. ಒಂದೊಂದು ನಿಮಿಷದ ಅರವತ್ತು ಫೋಟೋ ಬೇಕು. ಅವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಡಕ್ ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಿದರೆ ನೀಹಾರಿಕೆಯ ಬಣ್ಣ ಏಳುತ್ತದೆ. ಆ ಒಂದು ತಾಸು ಮುಕ್ಕಾಲಿ ಕೂದಲೆಳೆಯಷ್ಟೂ ಅಲುಗಬಾರದು. ಅಂದರೆ ಕಾಲಿನ ಕೆಳಗೆ ಮೂರು ಚಪ್ಪಟೆ ಕಲ್ಲು ಬೇಕು.

ಎರೆಹೊಲದಲ್ಲಿ ಕಲ್ಲು ಹುಡುಕುವುದು ಬೋಳುತಲೆಯಲ್ಲಿ ಹೇನು ಹುಡುಕಿದಂತೆ. ಜಗತ್ತಿಗೆಲ್ಲ ಕಲ್ಲು ಕಳಿಸುವ ಇಳಕಲ್ಲಿನಿಂದ ಬಂದವನಿಗೆ ಮೂರೇ ಮೂರು ಕಲ್ಲಿಗೆ ಗತಿಯಿಲ್ಲವೇ! ಬಗ್ಗಿ ಬಗ್ಗಿ ಬದುವಿನುದ್ದಕ್ಕೂ ಹುಡುಕಿದೆ. ಕಡೆಗೆ ಒಂದು ಗಿಡದ ಬುಡದಲ್ಲಿ ಸಿಕ್ಕವು! ಮೂರು ದೊಡ್ಡವು, ಎರಡು ಸಣ್ಣವು, ಸಾಲಾಗಿ. ಮೇಲೆ ಬಿದ್ದಿದ್ದ ಹೂವು ಎಲೆ ಕೊಡವಿ ಮೂರು ದೊಡ್ಡವನ್ನು ಎತ್ತಿಕೊಂಡು ಬಂದೆ. ದೇವರೇ ತಂದಿಟ್ಟಂತಿವೆ ಎಂದು ಬಾಯಿಬಿಟ್ಟು ಅಂದೆ ಕೂಡ!

ಮುಕ್ಕಾಲಿ ಕಂಬದಂತೆ ನಿಂತಿತು. ಏಳೂಮುಕ್ಕಾಲಿಗೆ ಮೊದಲ ಫೋಟೋ. ತೆರೆಯಲ್ಲಿ ಮೃಗಶಿರದ ಕೆಳಗೆ ತಿಳಿಗುಲಾಬಿಯ ಒಂದು ಹೊಗೆ! ಒಂದೇ ನಿಮಿಷದ್ದರಲ್ಲಿ ಇಷ್ಟು ಬಂದರೆ ಅರವತ್ತರಲ್ಲಿ ಏನಾದೀತು! ಕುಣಿಯಬೇಕೆನ್ನಿಸಿತು. ನೆಲ ಅಲುಗೀತೆಂದು ಕುಣಿಯಲಿಲ್ಲ.

ಹನ್ನೆರಡನೆಯ ಫೋಟೋ ನಡೆದಿತ್ತು. ಮಾದೇವಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಫೋನಿನ ಬಿಳಿ ಬ್ಯಾಟರಿ ಹೊತ್ತಿಸಿಕೊಂಡು ಬಂದಳು.

“ಲೈಟ ಆರಸ! ಲೈಟ ಆರಸ!”

ಆರಿಸಲಿಲ್ಲ. ಬೆಳಕು ಮುಕ್ಕಾಲಿಯ ಬುಡದಲ್ಲಿ ನಿಂತುಬಿಟ್ಟಿತು. ಚಹಾದ ಲೋಟ ಟಣ್ಣನೆ ಬಿತ್ತು.

“ಏನ್ರಿ ಇದು?”

ನಾನೂ ನೋಡಿದೆ. ಕಲ್ಲುಗಳು ಬೆಳ್ಳಗಿದ್ದವು. ಸುಣ್ಣ ಬಳಿದಿತ್ತು. ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕಾಸಿನಗಲ ಕುಂಕುಮ. ಕೆಂಪು ಬೆಳಕಿನಲ್ಲಿ ಬಿಳಿಯೂ ಕೆಂಪೇ, ಕೆಂಪೂ ಕೆಂಪೇ. ಕುಂಕುಮವೊಂದಿದೆ ಎಂದು ಯಾವ ವಿಜ್ಞಾನಿಗೂ ಕಾಣುವಂತಿರಲಿಲ್ಲ!

“ಇವು ಪಾಂಡವರ್ರೀ!” ಅಂದಳು ಮಾದೇವಿ. “ಬನ್ನಿಗಿಡದ ಬುಡಕ ಪೂಜಿ ಮಾಡಿದ್ದು ಇವಕ್ಕ! ಧರ್ಮರಾಯ, ಭೀಮ, ಅರ್ಜುನ ಮೂರೂ ಮಂದಿ ತಲಿ ಮ್ಯಾಲೆ ಒಂದೊಂದು ಕಾಲು ಊರಿಸೀರಲ್ರಿ!”

“ಗೊತ್ತಿರಲಿಲ್ಲಲೇ... ಇಟ್ಟು ಬಂದ್ರಾತು. ಒಂದು ತಾಸು ತಡಿ.”

“ತಾಸು? ಅವ್ವ ಮಧ್ಯಾಹ್ನ ಹೇಳಿದ್ದು ಕೇಳೀರಿಲ್ಲೋ? ಹೂಂ ಅಂದ್ರಿ!”

ಆಗ ತಿಳಿಯಿತು ಆ ಹೂಂನ ಬೆಲೆ. ಮಾವ ದವಾಖಾನೆಯಲ್ಲಿದ್ದಾಗ ಅತ್ತೆ ಹರಕೆ ಹೊತ್ತಿದ್ದರು: ಗಂಡ ಬದುಕಿ ಬಂದರೆ ಎಳ್ಳಮಾವಾಸ್ಯೆಗೆ ಅವನ ಕೈಯಿಂದಲೇ ಪಾಂಡವರಿಗೆ ಸುಣ್ಣ ಹಚ್ಚಿಸಿ, ಬೆಳಗಿನತನಕ ದೀಪ ಕಾಯ್ದು, ಕಲ್ಲು ಕದಲದಂತೆ ನೋಡಿಕೊಳ್ಳುತ್ತೇನೆ ಅಂತ. ಅದಕ್ಕೇ ಅವರು ಹೊಲದಲ್ಲಿ ಉಳಿದದ್ದು.

“ಕಲ್ಲು ಕದಲ್ಯಾವಂತ ಗೊತ್ತಾದ್ರ ಅವ್ವ ನಾಳಿನಿಂದ ನೀರೂ ಕುಡಿಯೂದಿಲ್ಲ. ಅಪ್ಪಗ ಏನರೆ ಆತಂದ್ರ ನಿಮ್ಮ ಮ್ಯಾಲೆ, ನನ್ನ ಮ್ಯಾಲೆ ಬರ್ತೈತಿ. ಇನ್ನ ಕಾಲು ತಾಸಿಗೆ ದೀಪಾ ಹಚ್ಚಾಕ ಬರ್ತಾಳ. ತೆಗೀರಿ!”

ಒಂದು ಕಡೆ ಅತ್ತೆಯ ಹರಕೆ, ಇನ್ನೊಂದು ಕಡೆ ಹದಿನಾಲ್ಕನೆಯ ಫೋಟೋ. ಬೆಳಗಾದರೆ ಲೆನ್ಸು ಅಯೂಬನದು. ಇನ್ನೊಂದು ಎಳ್ಳಮಾವಾಸ್ಯೆಗೆ ಇನ್ನೊಂದು ವರ್ಷ! ಆ ಸಂಕಟದಲ್ಲೇ ನನ್ನೊಳಗಿನ ಕಲಾವಿದ ಎಚ್ಚರಗೊಂಡ.

“ಮಾದೇವಿ, ಮೊಸರು ಬುತ್ತಿ ಉಳಿದೈತೇನು?”

“ಇಂಥಾದ್ರಾಗ ಹಸಿವ್ಯಾತೇನ್ರಿ ನಿಮಗ?”

“ಹಸಿವಿಲ್ಲ. ಭೀಮನ್ನ ಮಾಡಬೇಕು!”

ಗಣಪತಿ ಹಬ್ಬಕ್ಕೆ ಪ್ರತಿವರ್ಷ ಶಾಲೆಯಲ್ಲಿ ಮಣ್ಣಿನ ಗಣಪನನ್ನು ಮಾಡುವ ಕೈ ಇದು. ಮಾದೇವಿ ನನ್ನನ್ನು ಬೈಯುತ್ತಲೇ ಬುಟ್ಟಿ ತಂದಳು, ಬೈಯುತ್ತಲೇ ವಿಭೂತಿ, ಕುಂಕುಮದ ಬಟ್ಟಲೂ ತಂದಳು. ಹತ್ತು ಹನ್ನೆರಡು ನಿಮಿಷದಲ್ಲಿ ಬನ್ನಿಗಿಡದ ಬುಡದಲ್ಲಿ ನಕುಲ ಸಹದೇವರ ಪಕ್ಕ ಮೂವರು ಹೊಸ ಅಣ್ಣಂದಿರು ನಿಂತರು! ಬೆಳ್ಳಗೆ, ಗುಂಡಗೆ, ವಿಭೂತಿ ಕುಂಕುಮ ಸಹಿತ. ನನ್ನ ಕೈಕೆಲಸಕ್ಕೆ ನಾನೇ ಬೆರಗಾದೆ. ಭೀಮನ ಹೊಟ್ಟೆಯನ್ನು ಇನ್ನೊಂದು ಮುಷ್ಟಿ ದೊಡ್ಡದು ಮಾಡಿದೆ.

“ಸಾಕ ಬಿಡ್ರಿ, ಆಂವ ಅನ್ನಾ ಉಣ್ಣಾಂವ, ತಾನ ಅನ್ನಾ ಆಗಾಂವ ಅಲ್ಲ!” ಎಂದು ಮಾದೇವಿ ಹಲ್ಲು ಕಚ್ಚಿದಳು.

ಅತ್ತೆ ಬಂದರು. ಹಣತೆ ಹಚ್ಚಿದರು. ನಾವಿಬ್ಬರೂ ಕಳ್ಳರಂತೆ ಪಕ್ಕದಲ್ಲಿ ಕೈಕಟ್ಟಿ ನಿಂತೆವು. ಹಣತೆಯ ಬೆಳಕಿನಲ್ಲಿ ಪಾಂಡವರು ಮಿರಮಿರ ಮಿಂಚಿದರು. ಸುಣ್ಣದ ಕಲ್ಲು ಹಾಗೆ ಮಿಂಚುವುದಿಲ್ಲ.

“ಭೀಮಣ್ಣ ಯಾಕೋ ಬೆವತಂಗ ಕಾಣ್ತಾನಲ್ಲ!” ಅಂದರು.

“ಇಬ್ಬನಿ ಬಿದ್ದೈತ್ರಿ ಅತ್ತಿ,” ಅಂದೆ.

“ಇಷ್ಟ ಲಗೂನ?”

“ಈ ವರ್ಷ ಭಾಳ ಲಗೂ ಐತ್ರಿ!”

ಅತ್ತೆ ನೆಲಕ್ಕೆ ಹಣೆ ಹಚ್ಚಿ, “ಮನೀ ಹಿರ್ಯಾನ್ನ ನನಗ ತಿರುಗಿ ಕೊಟ್ಟೀರಿ ನಮ್ಮಪ್ಪಗಳ್ರಾ. ಇನ್ನೊಂದು ನಾಕು ವರ್ಷ ಹಿಂಗ ಕಣ್ಮುಂದ ಇಡ್ರಿ,” ಅಂದರು. ಮೊಸರನ್ನಕ್ಕೆ ಆಕೆ ಹಾಗೆ ಕೇಳಿಕೊಳ್ಳುವಾಗ ಭೂಮಿ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಎರೆನೆಲ, ಬಿರುಕುಗಳೇನೋ ಸುತ್ತ ಬೇಕಾದಷ್ಟಿದ್ದವು, ಒಂದೂ ದೊಡ್ಡದಾಗಲಿಲ್ಲ. ಮಾದೇವಿ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವನಿಗೆ ಗುಳಿಗೆ ಕೊಟ್ಟು ಬರಲೆಂದು ಅತ್ತೆ ಕೋಣೆಗೆ ಹೋದಮೇಲೆ ನಾನು ಹಣತೆಯ ಬೆಳಕು ಕ್ಯಾಮೆರಾದ ಕಡೆ ಬೀಳದಂತೆ ಖಾಲಿ ರೊಟ್ಟಿ ಬುಟ್ಟಿ ಅಡ್ಡ ಇಟ್ಟು ಮುಕ್ಕಾಲಿಗೆ ಮರಳಿದೆ. ಇಪ್ಪತ್ತೈದು. ಇಪ್ಪತ್ತಾರು. ಲೆಕ್ಕ ಏರಿದಂತೆ ನನ್ನ ನಾಚಿಕೆ ಇಳಿಯತೊಡಗಿತು, ಅದೂ ನಿಜವೇ. ಇನ್ನು ಅರ್ಧ ತಾಸು. ಆಮೇಲೆ ಕಲ್ಲು ಕಲ್ಲಿನ ಜಾಗಕ್ಕೆ, ಅನ್ನ ನಾಯಿಯ ಹೊಟ್ಟೆಗೆ. ಯಾರಿಗೂ ನಷ್ಟವಿಲ್ಲ!

ಮೋತ್ಯಾ ಬಾಲ ಅಲ್ಲಾಡಿಸುತ್ತ ಬಂತು. ನನ್ನ ಕಾಲು ನೆಕ್ಕಿತು. ಬಹಳ ಪ್ರೀತಿಯಿಂದ ಇತ್ತು.

“ಏನ್ರಿ,” ಮಾದೇವಿ ಮೆಲ್ಲಗೆ ಕೇಳಿದಳು, “ಮೋತ್ಯಾನ ಮೂತಿಗೆ ಕುಂಕುಮ ಯಾಕ ಹತ್ತೈತಿ?”

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಭೀಮಸೇನ ಪೂರ್ತಿ ಮಾಯ! ಅರ್ಜುನನಿಗೆ ಒಂದು ಭುಜವಿಲ್ಲ. ಧರ್ಮರಾಯ ಹೇಗೋ ಉಳಿದಿದ್ದ. ಬುಟ್ಟಿಯ ತಳ ಬಳಿದರೆ ಒಂದೂವರೆ ಹಿಡಿ ಅನ್ನ. ಅದರಲ್ಲೇ ಅರ್ಜುನನ ಭುಜ ಕಟ್ಟಿ, ಉಳಿದದ್ದಕ್ಕೆ ಭೀಮನೆಂದು ಹೆಸರಿಟ್ಟು ನಿಲ್ಲಿಸಿದೆ. ಸಹದೇವನಿಗಿಂತ ಸಣ್ಣ ಭೀಮ.

“ದವಾಖಾನಿಯಿಂದ ಬಂದಾಂವ ಇವನ ಅನ್ನಬೇಕು!” ಅಂದಳು ಮಾದೇವಿ. ಅತ್ತುಬಿಡುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಮೋತ್ಯಾನನ್ನು ಕೋಣೆಯ ಹಿಂದೆ ಕಟ್ಟಿಹಾಕಿ ಬಂದಳು.

ಮೂವತ್ತೆಂಟು. ಮೂವತ್ತೊಂಬತ್ತು. ನನ್ನ ಕಿವಿ ಕೋಣೆಯ ಕಡೆ, ಕಣ್ಣು ಆಕಾಶದ ಕಡೆ, ಜೀವ ಬನ್ನಿಗಿಡದ ಕಡೆ. ಒಣ ಎಲೆ ಸರಿದರೂ ಬೆಚ್ಚಿ ಬೀಳುತ್ತಿದ್ದೆ. ನಲವತ್ತನೆಯದು ಮುಗಿಯಿತು. ಆಗ ಅತ್ತೆಯ ಕೂಗು ಕೇಳಿತು.

“ಮಾದೇವೀ! ನಿಮ್ಮಪ್ಪಗ ಎದಿ ಹಿಡದಂಗ ಆಗೇತಂತ!”

ಮಾದೇವಿ ಕೋಣೆಯತ್ತ ಓಡಿದಳು, ನಾನು ಹಿಂದೆ. ಮಾವ ಹೊರಸಿನ ಮೇಲೆ ಎದೆ ಒತ್ತಿಕೊಂಡು ಕೂತಿದ್ದರು. ಹಣೆಯ ಮೇಲೆ ಬೆವರಿತ್ತು.

“ಗಾಡಿ ತಗೀತೇನಿ. ಅಮೀನಗಡದ ದವಾಖಾನಿಗೆ ಈಗಿಂದೀಗ ಹೋಗೂಣು,” ಅಂದೆ.

“ಹೋಗೂಣ್ರಿ ಅಳ್ಯಾರ,” ಅಂದರು ಅತ್ತೆ, ಮಾವನ ತೋಳು ಹಿಡಿದು ಎಬ್ಬಿಸುತ್ತ. “ಆದ್ರ ಗಾಡಿ ಕಡೆ ಹೋಗೂ ದಾರ್ಯಾಗ ಪಾಂಡವರ ಅದಾರ. ತನ್ನ ಕೈಲೆ ಸುಣ್ಣಾ ಹಚ್ಯಾನ, ತನ್ನ ಕೈಲೆ ಮುಟ್ಟಿ ನಮಸ್ಕಾರ ಮಾಡ್ಲಿ. ಧರ್ಮರಾಯನ ತಲಿ ಮ್ಯಾಲೆ ಕೈ ಇಟ್ಟು ಕೇಳ್ಕೊಳ್ಳಿ. ಒಂದ ನಿಮಿಷ.”

ಮುಟ್ಟಿ!

ಮಾದೇವಿ ನನ್ನನ್ನು ನೋಡಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಆಕೆ ಹಾಗೆ ನೋಡಿದ್ದಿಲ್ಲ. ಬೈಗುಳವಿರಲಿಲ್ಲ ಅದರಲ್ಲಿ, ಬೇಡಿಕೆ ಇತ್ತು. ಮಾವನ ಕೈ ಧರ್ಮರಾಯನ ನೆತ್ತಿಯೊಳಗೆ ಮಣಿಕಟ್ಟಿನವರೆಗೆ ಇಳಿದುಹೋದರೆ? ಬೆರಳಿಗೆ ಮೊಸರು ಹತ್ತಿದ್ದನ್ನು ಅತ್ತೆ ನೋಡಿದರೆ? ಆ ಗಳಿಗೆಯಲ್ಲಿ ಎದೆನೋವು ಒಬ್ಬರಿಗೇ ಉಳಿಯುತ್ತಿರಲಿಲ್ಲ!

ಓಡಿದೆ. ಜೋಳದ ಸಾಲುಗಳ ಮೇಲೆ ಬಿದ್ದು ಎದ್ದು ಓಡಿದೆ. ಕ್ಯಾಮೆರಾದಲ್ಲಿ ನಲವತ್ತೆರಡನೆಯದು ನಡೆದಿತ್ತು. ನೀಹಾರಿಕೆ ಇನ್ನೂ ಮೇಲೇರುತ್ತಿತ್ತು. ಒಂದು ಸಲ ಮೇಲೆ ನೋಡಿದೆ, ಅಷ್ಟೇ. ಮುಕ್ಕಾಲಿಯನ್ನು ಕಾಲು ಹಿಡಿದು ಎತ್ತಿ, ನನ್ನ ಹಿಂದೆಯೇ ಏದುತ್ತ ಬಂದ ಮಾದೇವಿಯ ತೋಳಿಗೆ ಕ್ಯಾಮೆರಾ ಸಮೇತ ಕೊಟ್ಟೆ. ಆಕೆ ಅದನ್ನು ಕೂಸಿನಂತೆ ಅವಚಿಕೊಂಡಳು. ಇಬ್ಬರು ಪಾಂಡವರನ್ನು ಕಂಕುಳಲ್ಲಿ, ಒಬ್ಬನನ್ನು ಎದೆಗೆ ಒತ್ತಿಕೊಂಡು ಬನ್ನಿಗಿಡಕ್ಕೆ ಬಂದೆ. ಆ ಕಡೆಯಿಂದ ಅತ್ತೆಯ ಬ್ಯಾಟರಿ ಬೆಳಕು ಮೆಲ್ಲಗೆ ತೂಗುತ್ತ ಬರುತ್ತಿತ್ತು. ಅಡ್ಡ ಇಟ್ಟಿದ್ದ ಬುಟ್ಟಿಯನ್ನು ಒದ್ದು ಸರಿಸಿದೆ. ಅನ್ನದ ಪಾಂಡವರನ್ನು ಎರಡೂ ಕೈಯಲ್ಲಿ ಬಾಚಿ ಕತ್ತಲೆಗೆ ಎಸೆದೆ. ಕಲ್ಲಿನವರನ್ನು ಕೂಡಿಸಿದೆ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಆಮೇಲೆ ಏನು ಮಾಡಿದೆ ಗೊತ್ತೇ? ವೈಚಾರಿಕನೆಂದು ಸ್ಟಾಫ್ ರೂಮಿನಲ್ಲಿ ಎದೆ ತಟ್ಟಿಕೊಳ್ಳುವ ನಾನು ಮೊಣಕಾಲೂರಿ, “ಯಪ್ಪಾ ಧರ್ಮರಾಯ, ತಪ್ಪಾತು. ನಮ್ಮ ಮಾವನ್ನ ಉಳಸು, ಫೋಟೋ ಬೇಕಾದ್ರ ನೀನ ಇಟ್ಕೋ,” ಎಂದು ಬೇಡಿಕೊಂಡೆ!

ಮಾವ ಬಂದರು. ಬಗ್ಗಿದರು. ಧರ್ಮರಾಯನ ನೆತ್ತಿಯ ಮೇಲೆ ಕೈ ಇಟ್ಟರು. ಕೈ ಒಳಗೆ ಇಳಿಯಲಿಲ್ಲ. ಕಣ್ಣುಮುಚ್ಚಿ ಏನೋ ಗೊಣಗಿಕೊಂಡ ಮಾವ ಎದ್ದು ನಿಂತವರೇ, ನೆಟ್ಟಗಾದರು, ಕತ್ತು ಹಿಂದಕ್ಕೆ ಹಾಕಿದರು...

ಅಂಥ ತೇಗನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೋಣೆಯ ಹಿಂದೆ ಕಟ್ಟಿಹಾಕಿದ್ದ ಮೋತ್ಯಾ ಹೆದರಿ ಬೊಗಳಿತು.

“ಹಗುರಾತು ನೋಡು,” ಅಂದರು ಮಾವ, ಎದೆ ನೀವಿಕೊಳ್ಳುತ್ತ.

“ಎಷ್ಟು ಹೋಳಿಗಿ ತಿಂದಿದ್ರಿ?” ಅತ್ತೆಯ ದನಿ ಬದಲಾಗಿತ್ತು.

“ಎಂಟು.”

“ಡಾಕ್ಟರ್ ಎಷ್ಟು ಹೇಳಿದ್ರು?”

“ಅರ್ಧ.”

ಆದರೂ ನಾನು ಬಿಡಲಿಲ್ಲ. ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಅಮೀನಗಡಕ್ಕೆ ಹೋಗಿ, ದವಾಖಾನೆಯಲ್ಲಿ ಎದೆಬಡಿತದ ಇಸಿಜಿ ಪಟ್ಟಿ ತೆಗೆಸಿದೆ. ಡಾಕ್ಟರು ಪಟ್ಟಿ ನೋಡಿ, ಮಾವನ ಹೊಟ್ಟೆ ನೋಡಿ, “ಹೃದಯ ಚಲೋ ಐತಿ. ನಾಲಿಗಿಗೆ ಲಗಾಮ ಹಾಕ್ರಿ,” ಎಂದು ಒಂದು ಗುಳಿಗೆ ಕೊಟ್ಟರು. ಮರಳಿ ಹೊಲಕ್ಕೆ ಬಂದಾಗ ಅತ್ತೆ ಹಣತೆಯ ಮುಂದೆಯೇ ಕಂಬಳಿ ಹೊದ್ದು ಕೂತಿದ್ದರು. ಮಾವ ನಗುನಗುತ್ತ ಇಳಿದದ್ದನ್ನು ನೋಡಿ, “ಪಾಂಡವರು ಕೈ ಬಿಡಲಿಲ್ಲ,” ಅಂದರು. ನಾನು ತಲೆ ತಗ್ಗಿಸಿ ಹೌದೆಂದೆ.

ಹಣತೆ ಕಾಯುವ ಅತ್ತೆಯನ್ನು ಬಿಟ್ಟು ಎಲ್ಲರೂ ಮಲಗಿದ ಮೇಲೆ ಕ್ಯಾಮೆರಾ ತೆರೆದು ನೋಡಿದೆ. ನಲವತ್ತೊಂದು ಫೋಟೋ ಗಟ್ಟಿಯಾಗಿ ಕೂತಿದ್ದವು! ಒಂದೊಂದರಲ್ಲೂ ಮೃಗಶಿರದ ಕೆಳಗೆ ಆ ಗುಲಾಬಿ ಹೊಗೆ, ನಡುವೆ ನಾಲ್ಕು ಸಣ್ಣ ಚುಕ್ಕೆ. ಲೆನ್ಸಿಗೆ ಒಂದು ಗೀರೂ ಇಲ್ಲ. ಮಾವ ಕ್ಷೇಮ, ಹರಕೆ ಕ್ಷೇಮ, ನೀಹಾರಿಕೆಯೂ ಕೈಗೆ ಬಂತು! ಮಲಗಿದ್ದ ಮಾದೇವಿಯನ್ನು ಎಬ್ಬಿಸಿ, “ಈಗ ನನ್ನ ಹೆಸರೇನು?” ಎಂದು ಕೇಳಿದೆ. “ಶಂಕರಲಿಂಗ. ಮಕ್ಕೊಳ್ರಿ,” ಎಂದು ಆ ಕಡೆ ಹೊರಳಿದಳು. ಧರ್ಮರಾಯನ ಮುಂದೆ ಮೊಣಕಾಲೂರಿದ್ದು ಆ ಹೊತ್ತಿಗಾಗಲೇ ನನಗೆ ಮರೆತುಹೋಗಿತ್ತು.

ಮುಂಜಾನೆ ಆರಕ್ಕೆ ಎದ್ದವನೇ ಲೆನ್ಸನ್ನು ಅಯೂಬನಿಗೆ ಮುಟ್ಟಿಸಲು ಚೀಲಕ್ಕೆ ಹಾಕಿ, ಚಹಾ ಕುಡಿಯುತ್ತ ಕೂತಿದ್ದ ಮಾವನಿಗೆ ಫೋಟೋ ತೋರಿಸತೊಡಗಿದೆ. ಅತ್ತೆ ಬನ್ನಿಗಿಡದ ಕಡೆಯಿಂದ ಪೂಜೆ ಮುಗಿಸಿ ಬಂದು ನಿಂತರು.

“ಇದು ಇಲ್ಲಿಂದ ಸಾವಿರದ ಮುನ್ನೂರು ಜ್ಯೋತಿರ್ವರ್ಷ ದೂರ ಐತ್ರಿ ಮಾವ!” ಅಂದೆ. “ಅಂದ್ರ ಬೆಳಕು ಸಾವಿರದ ಮುನ್ನೂರು ವರ್ಷ ಓಡಿ ಓಡಿ ನಿನ್ನೆ ನಮ್ಮ ಹೊಲಕ್ಕ ಬಂದು ಮುಟ್ಟೈತಿ. ಸಾದಾ ಮಂದಿ ಕಣ್ಣಿಗೆ ಇದು ಬೀಳೂದಿಲ್ಲ. ಇದಕ್ಕ ಪಳಗಿದ ಕಣ್ಣು ಬೇಕು, ಕತ್ತಲ್ಯಾಗ ಸಾಸಿವಿಕಾಳೂ ತಪ್ಪಬಾರದು!”

“ಅಷ್ಟು ದೂರದ್ದು ಕಾಣ್ತೈತ್ರಿ ಅಳ್ಯಾರ ನಿಮಗ?” ಅತ್ತೆ ಬಹಳ ಭಕ್ತಿಯಿಂದ ಕೇಳಿದರು.

“ಕಾಣ್ತೈತ್ರಿ ಅತ್ತಿ!”

“ಹಂಗಾದ್ರ ಸ್ವಲ್ಪ ಹಿಂಗ ಬರ್ರಿ. ಹತ್ತು ಮಾರು ದೂರದಾಗಿಂದು ಒಂದು ತೋರಿಸ್ತೇನಿ.”

ಹೋದೆ. ಬನ್ನಿಗಿಡದ ಬುಡಕ್ಕೆ ಕರೆದೊಯ್ದು ನಿಲ್ಲಿಸಿದರು. ಹಿಂದೆ ಮಾದೇವಿಯ ಹೆಜ್ಜೆ ಕೇಳಿತು, ಅರ್ಧ ದಾರಿಯಲ್ಲೇ ನಿಂತಿತು.

“ಎಣಸ್ರಿ,” ಅಂದರು ಅತ್ತೆ.

ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಸಹದೇವನ ಮರೆಯಲ್ಲಿ ಇನ್ನೊಬ್ಬ ಸಣ್ಣವ ನಿಂತಿದ್ದ.

“ನಾ ಸಾಲಿ ಕಲಿತಾಕಿ ಅಲ್ರಿ,” ಅಂದರು ಅತ್ತೆ, ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡು. “ಆದ್ರ ಪಾಂಡವರು ಐದ ಮಂದಿ ಅನ್ನೂದು ಗೊತ್ತೈತಿ. ಆರನೇದಾಂವ ಕರ್ಣ ಇರಬೇಕಂತ ತಿಳದು ಅವಗೂ ಒಂದು ನಮಸ್ಕಾರ ಮಾಡಾಕ ಹೋದ್ನಿ. ಕರ್ಣಗ ಮೈತುಂಬ ಕವಚ ಇರ್ಬೇಕಲ್ರಿ ಅಳ್ಯಾರ? ಇವಗ ಬರೇ ಒಗ್ಗರಣಿ ಐತಿ!”